ಮುಗುರುಸಿಗೆ ಹೇಳಿದ ನಮಸ್ಕಾರ

ಗೊರಿಲ್ಲಾಗಳಿಗೆ ಗಂಟಲಿನಿಂದಲೇ ನಮಸ್ಕಾರ ಹೇಳಬೇಕು. ಬಾಯಿ ಮುಚ್ಚಿಕೊಂಡು, ಕಫ ಕಟ್ಟಿದವರು ಗಂಟಲು ಸರಿಮಾಡಿಕೊಳ್ಳುವ ಹಾಗೆ ‘ಹ್ಹೂಂ... ಹ್ಹೂಂ’ ಎನ್ನಬೇಕು. ಜಗಳಕ್ಕೆ ಬಂದವರಲ್ಲ ನಾವು ಎಂದು ಅದರ ಅರ್ಥ. ಬ್ವಿಂಡಿ ಕಾಡಿನ ಸುತ್ತ ಈ ಸದ್ದು ಬಾರದ ಗೈಡ್ ಇಲ್ಲ. ಆದರೆ ನಮ್ಮ ಗೈಡ್ ಟಿಬೆಂಡೆರಾನನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂಬುದು ಟಿಬೆಂಡೆರಾನನದೇ ಅಭಿಪ್ರಾಯ. ಬಾಳೆಹಣ್ಣಿನ ಹೆಂಡದ ಮುಂದೆ ಕೂತಾಗಲೆಲ್ಲ, “ಮುಗುರುಸಿ ನನ್ನ ಗಂಟಲಿಗೆ ಮಾತ್ರ ಉತ್ತರ ಕೊಡ್ತಾನೆ” ಎಂದು ಕೊಚ್ಚಿಕೊಳ್ಳುತ್ತಿದ್ದ. ಮುಗುರುಸಿ ಎಂದರೆ ಮುದುಕ; ಬೆನ್ನು ಬೆಳ್ಳಗಾದ ಆ ಗಂಡು ಗೊರಿಲ್ಲಾಕ್ಕೆ ನಾವಿಟ್ಟ ಹೆಸರು.

ಈ ಜಂಭವೇ ಅವನನ್ನು ಆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿದ್ದು. ರಾತ್ರಿಯೆಲ್ಲ ಕೆಮ್ಮಿದ್ದ. ಪ್ರವಾಸಿಗರ ಚೀಲ ಹೊರುವ ಅವನ ನಾದಿನಿ ಒರಿಷಾಬಾ ಬಾಗಿಲಲ್ಲೇ ಅಡ್ಡ ನಿಂತಳು.

“ಭಾವ, ಇವತ್ತು ಮನೇಲಿರಿ. ಬೇರೆ ಯಾರಾದ್ರೂ ಹೋಗ್ತಾರೆ.”

“ಬೇರೆಯವರು ಹೋದ್ರೆ ಮುಗುರುಸಿ ಅಟ್ಟಿಸ್ಕೊಂಡು ಬರ್ತಾನೆ. ಗಂಟಲು ಕೆರೆತ ಅಷ್ಟೇ, ಜೇನು ನೆಕ್ಕಿದೀನಿ.”

“ಮಾಸ್ಕಾದ್ರೂ ತೆಗೀಬೇಡಿ ಮತ್ತೆ.”

“ನೀನು ಚೀಲ ಹೊರು, ಕಾಡು ನನಗೆ ಬಿಡು.”

ಗೇಟಿನ ಬಳಿ ಪ್ರವಾಸಿಗರು ಸೇರಿದ್ದರು. ದಿನಾ ಹೇಳುವುದನ್ನೇ ಅವನು ಅಂದೂ ಹೇಳಿದ: “ನೆಗಡಿ, ಕೆಮ್ಮು ಇರೋರು ಈಗಲೇ ಹೇಳಿಬಿಡಿ. ನಮ್ಮ ನೆಗಡಿ ಅವುಗಳ ಪ್ರಾಣ ತೆಗೆಯುತ್ತೆ. ಗುಂಪಲ್ಲಿ ಎಳೇ ಮರಿ ಬೇರೆ ಇದೆ.” ಸಾಮಾನ್ಯವಾಗಿ ಯಾರೂ ತುಟಿ ಬಿಚ್ಚುವುದಿಲ್ಲ. ಅಷ್ಟು ದೂರದಿಂದ ಬಂದವರು ಒಪ್ಪಿಕೊಳ್ಳುತ್ತಾರೆಯೇ? ಆ ದಿನ ಕೈ ಎತ್ತಿದವಳು ಜಿಂಜಾ ಊರಿನ ನಂಗೋಬಿ ಅಜ್ಜಿ. ಬಟ್ಟೆ ಹೊಲಿಯುವ ಹೆಂಗಸು. ನಮ್ಮ ದೇಶದ ಪ್ರಾಣಿಯನ್ನು ಬರೀ ಪರದೇಶದವರೇ ನೋಡಬೇಕೇ ಎಂದು ಹಟ ಹಿಡಿದು, ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. ಬಂದವಳೇ ಟಿಬೆಂಡೆರಾನನ ಕೈ ಹಿಡಿದು ಕುಲುಕಿದ್ದಳು.

“ನಂಗೆ ಮೂಗು ಸೋರ್ತಿದೆ ಮಗಾ. ಬಸ್ಸಲ್ಲಿ ಅಂಟಿರ್ಬೇಕು.”

“ಬೆಟ್ಟದ ಚಳಿ ಇರ್ಬಹುದು ಅಜ್ಜಿ” ಎಂದುಬಿಟ್ಟ ಟಿಬೆಂಡೆರಾನ. ಅದು ಅವನು ತನಗೇ ಹೇಳಿಕೊಂಡ ಸಮಾಧಾನವಾಗಿತ್ತು.

“ಚಳಿನೋ ಇನ್ನೇನೋ. ನಾನು ನೋಡೋ ಆಸೆಗೆ ಮರಿ ಸಾಯ್ಬೇಕಾ? ಇಲ್ಲೇ ಕೂತಿರ್ತೀನಿ. ನನ್ನ ಪಾಲಿಗೂ ನೀನೇ ನೋಡ್ಕೊಂಡು ಬಾ.”

ಉಳಿದವರು ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಅವನಿಗೆ ಕೈ ಹೇಗೆ ಬಂತೋ ಕಾಣೆ. ಒರಿಷಾಬಾ ಅವನ ಮುಖ ನೋಡಿದಳು. ಅವನು ಬಗ್ಗಿ ಬೂಟಿನ ದಾರ ಬಿಗಿಮಾಡಿಕೊಂಡ.

ಕಾಡಿನಲ್ಲಿ ಮುಗುರುಸಿಗೆ ಅಂದು ಸಿಟ್ಟಿತ್ತು. ಜನರನ್ನು ಕಂಡವನೇ ಎದ್ದು ನಿಂತ. ಟಿಬೆಂಡೆರಾನ ಮಾಸ್ಕಿನೊಳಗಿಂದ ನಮಸ್ಕಾರ ಹೇಳಿದ. ಒಡೆದ ಗಂಟಲಿನ ಗುರುತು ಮುದುಕನಿಗೆ ಸಿಗಲಿಲ್ಲ, ಮುಂದಕ್ಕೆ ಬಂದ. ಹಿಂದಿದ್ದವರು ಹೆದರಿ ಒಬ್ಬರ ಮೇಲೊಬ್ಬರು ಬಿದ್ದರು. ಟಿಬೆಂಡೆರಾನ ಮಾಸ್ಕ್ ಕೆಳಗೆಳೆದ. ಮೊದಲನೇ ‘ಹ್ಹೂಂ’ ಸರಿಯಾಗಿ ಬಂತು. ಎರಡನೆಯದರ ಜಾಗದಲ್ಲಿ ಕೆಮ್ಮು ಬಂತು.

ಮುಗುರುಸಿ ಅದನ್ನೂ ನಮಸ್ಕಾರ ಎಂದೇ ತಿಳಿದ. ನಿಧಾನಕ್ಕೆ ಕೂತು, ‘ಹ್ಹೂಂ... ಹ್ಹೂಂ’ ಎಂದು ಉತ್ತರಿಸಿದ. ತಾಯಿಯ ಬೆನ್ನಿನಿಂದ ಮರಿ ಜಾರಿ ಇಳಿದು, ತಪ್ಪುಹೆಜ್ಜೆ ಇಡುತ್ತಾ ಹತ್ತಿರ ಬಂದು, ಅವನ ಬಾಯನ್ನೇ ನೋಡುತ್ತಾ ನಿಂತಿತು. ಅವನು ಹಿಂದೆ ಸರಿದ. ಸರಿಯುವಷ್ಟರಲ್ಲಿ ಇನ್ನೊಂದು ಕೆಮ್ಮು ಬಂದಾಗಿತ್ತು.

ವಾಪಸ್ಸು ಬಂದಾಗ ಅಜ್ಜಿ ಗೇಟಿನಲ್ಲೇ ಕಾಯುತ್ತಿದ್ದಳು.

“ಮಾತಾಡಿಸಿದ್ಯಾ? ಹೇಗೆ ಮಾತಾಡಿಸ್ತೀಯ, ಒಂದ್ಸಲ ನನಗೂ ಮಾಡಿ ತೋರ್ಸು.”

ಮಾಡಿದ. ಕೆಮ್ಮು ಒತ್ತರಿಸಿಕೊಂಡು ಬಂತು, ನಿಲ್ಲಲಿಲ್ಲ. ಅಜ್ಜಿಯ ಮುಖ ಸಣ್ಣಗಾಯಿತು.

“ಅಯ್ಯೋ, ನಂದೇ ನಿಂಗೆ ಅಂಟಿಬಿಡ್ತು! ಬೆಳಿಗ್ಗೆ ಕೈ ಕುಲುಕಬಾರದಿತ್ತು, ಬುದ್ಧಿಗೇಡಿ ನಾನು. ನಾಳೆ ಕಾಡಿಗೆ ಹೋಗ್ಬೇಡಪ್ಪ.” ಚೀಲ ತಡಕಿ ಮಾತ್ರೆ ತೆಗೆದುಕೊಟ್ಟಳು. ನಿಮ್ಮದಲ್ಲ ಅಜ್ಜಿ ಎನ್ನಲು ಅವನ ನಾಲಿಗೆ ಹೊರಳಲಿಲ್ಲ. ಮಾತ್ರೆ ಇಸಿದುಕೊಂಡ. ಆ ಮುದುಕಿ, ಗೊರಿಲ್ಲಾವನ್ನೂ ನೋಡದೆ, ಅವನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಕೆಮ್ಮು ಹೋಗುವವರೆಗೆ ಅವನು ಮನೆಯಲ್ಲೇ ಬಿದ್ದುಕೊಂಡಿದ್ದ. ಅಜ್ಜಿಯ ಮುಖ ಕಣ್ಣಿಗೆ ಕಟ್ಟಿ, ಜೋಳದ ಗಂಜಿಯೂ ಇಳಿಯುತ್ತಿರಲಿಲ್ಲ. ಮತ್ತೆ ಕಾಡಿಗೆ ಹೋದ ದಿನ, ಚೀಲ ಇಳಿಸುವ ಜಾಗದಲ್ಲೇ ಪೊದೆಯೊಳಗಿಂದ ಸದ್ದು ಕೇಳಿತು. ‘ಹ್ಹೂಂ... ಹ್ಹೂಂ.’ ಮುಗುರುಸಿಯ ಮನೆಯವರು ತನ್ನನ್ನು ಹುಡುಕಿಕೊಂಡು ಬಂದಿದ್ದಾರೆ ಎಂದು ಅವನ ಮುಖ ಅರಳಿತು. ನಮಸ್ಕಾರ ಹೇಳಿದ. ಮತ್ತೆ ಅದೇ ಸದ್ದು. ಮತ್ತೆ ಹೇಳಿದ.

“ಭಾವ,” ಎಂದಳು ಒರಿಷಾಬಾ ಮೆಲ್ಲಗೆ. “ಅದು ನಮಸ್ಕಾರ ಅಲ್ಲ. ಕೆಮ್ಮು.”

ಎಲೆಗಳು ಸರಿದವು. ತಾಯಿಯ ಬೆನ್ನ ಮೇಲೆ ಮರಿ ಅಂಟಿಕೊಂಡಿತ್ತು. ಮೂಗು ಸೋರುತ್ತಿತ್ತು. ತಲೆ ಎತ್ತಲಿಲ್ಲ.

ಅವನು ವಾಕಿಟಾಕಿ ಹಿಡಿದ. “ಮುಗುರುಸಿ ಮನೇಲಿ ಮರಿಗೆ ಕೆಮ್ಮು. ಬೇಗ ಡಾಕ್ಟರನ್ನ ಕಳ್ಸಿ.”

“ಎಲ್ಲಿಂದ ಬಂತೋ?” ಕಾಡಿನ ಮೇಲಧಿಕಾರಿ ವಾರ್ಡನ್ ದನಿ ಗೊರಗುಟ್ಟಿತು. “ಆ ಜಿಂಜಾ ಮುದುಕಿಗೆ ನೆಗಡಿ ಇತ್ತಂತಲ್ಲ, ಅವಳದೇನಾ?”

ಹ್ಞೂಂ ಎಂದರೆ ಸಾಕಿತ್ತು. ಅಜ್ಜಿ ಹೇಗಿದ್ದರೂ ತನ್ನದೇ ತಪ್ಪೆಂದು ನಂಬಿದ್ದಳು. ಮರಿ ಮತ್ತೆ ಕೆಮ್ಮಿತು.

“ಅಜ್ಜಿ ಕಾಡಲ್ಲಿ ಕಾಲೇ ಇಡ್ಲಿಲ್ಲ ಸರ್. ಮಾಸ್ಕ್ ತೆಗೆದು ಕೆಮ್ಮಿದ್ದು ನಾನು.”

“ಇಳಿದು ಬಾ,” ಎಂದರು ವಾರ್ಡನ್. “ಇನ್ನು ಮೇಲೆ ನೀನು ಕಾಡಿಗೆ ಹೋಗೋದು ಬೇಡ.”

“ಒರಿಷಾಬಾ, ಅಜ್ಜಿಗೆ ಫೋನ್ ಮಾಡಿ ಹೇಳ್ತೀಯಾ, ಅವರದಲ್ಲ ಅಂತ?”

“ನೀವೇ ಹೇಳಿ ಭಾವ.”

ಅವನು ಆಗಲಿ ಎಂದು ತಲೆಯಾಡಿಸಿ ಇಳಿಯತೊಡಗಿದ. ಹಿಂದಿನಿಂದ ಮುಗುರುಸಿಯ ದನಿ ಕೇಳಿತು. ಈ ಸಲ ಅದು ನಿಜವಾದ ನಮಸ್ಕಾರವೇ. ಮುದುಕ ಅವನ ಹೆಜ್ಜೆ ಗುರುತಿಸಿರಬೇಕು, ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕರೆದ. ಟಿಬೆಂಡೆರಾನ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಡೆದ.