ದಾನೇಶ್ವರಿಯ ಪಥ್ಯದ ಚೀಟಿ

ದಾನೇಶ್ವರಿ ಮಾತಿಗಿಂತ ಮೊದಲು ವೃದ್ಧರ ಮಣಿಕಟ್ಟನ್ನು ನೋಡುತ್ತಾಳೆ. ಗಡಿಯಾರ ಸಡಿಲವಾಗಿ ಜಾರುತ್ತಿದೆಯೇ, ಬಳೆಗಳು ಮೊಣಕೈಯತ್ತ ಸರಿಯುತ್ತಿವೆಯೇ ಎಂದು ಪರೀಕ್ಷಿಸಿ, ಆಮೇಲಷ್ಟೇ ರಕ್ತಪರೀಕ್ಷೆಯ ವರದಿ ಬಿಚ್ಚುತ್ತಾಳೆ. ನಾರಾಯಣಗೂಡದ ಸಣ್ಣ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಹಾರತಜ್ಞೆಯಾಗಿರುವ ಈಕೆ ಹಿಂದೆ ಹೀಗಿರಲಿಲ್ಲ. ಆಗ ಇಸ್ತ್ರಿ ಮುರಿಯದ ಬಿಳಿ ಕೋಟು, ದಾಪುಗಾಲಿನ ನಡಿಗೆ, ಕೆಂಪು ಶಾಯಿಯಲ್ಲಿ ಬರೆದ ನಿಷೇಧಗಳ ಉದ್ದನೆಯ ಪಟ್ಟಿ. ಮುದುಕರು ವೈದ್ಯರಿಗಿಂತ ಹೆಚ್ಚಾಗಿ ಈಕೆಗೆ ಅಂಜುತ್ತಿದ್ದರು.

ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಅಂಬಾದಾಸರು ಹಾಗೆ ಅಂಜಿದವರಲ್ಲೊಬ್ಬರು. ಎಪ್ಪತ್ತೆಂಟರ ಪ್ರಾಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ. ದಾನೇಶ್ವರಿ ಅವರ ತಾಟಿನಿಂದ ಉಪ್ಪು, ಬೆಲ್ಲ, ತುಪ್ಪ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಹಿಂಡಿಯ ಚಟ್ನಿಪುಡಿ ಎಲ್ಲವನ್ನೂ ತೆಗೆಸಿದಳು. ತಿಂಗಳು ತಿಂಗಳೂ ಸಕ್ಕರೆಯ ಅಂಕಿ ಇಳಿಯಿತು, ತೂಕವೂ ಇಳಿಯಿತು. ಆಕೆ ಎರಡಕ್ಕೂ ಶಭಾಷ್ ಎಂದಳು. ಒಮ್ಮೆ ಅವರು ಸಂಕೋಚದಿಂದ, "ಮೇಡಂ, ಒಂದೀಟು ಶೇಂಗಾಹಿಂಡಿ ಇದ್ರ ರೊಟ್ಟಿ ಗಂಟಲದಾಗ ಇಳೀತೈತ್ರಿ," ಎಂದಿದ್ದರು.

"ಈ ವಯಸ್ಸಿನಾಗ ನಾಲಿಗಿ ಹಿಡೀಬೇಕ್ರಿ ಕಾಕಾ," ಎಂದು ನಗುತ್ತಲೇ ಆಕೆ ಮುಂದಿನವರನ್ನು ಕರೆದಿದ್ದಳು.

ಆ ಚಳಿಗಾಲದಲ್ಲಿ ಅಂಬಾದಾಸರು ಬಚ್ಚಲಲ್ಲಿ ಕುಸಿದು ಸೊಂಟದ ಮೂಳೆ ಮುರಿದುಕೊಂಡರು. ಸ್ನಾಯುಗಳೆಲ್ಲ ಕರಗಿಹೋಗಿದ್ದ ದೇಹ ಮತ್ತೆ ಎದ್ದು ನಿಲ್ಲಲಿಲ್ಲ. ಮೂರು ವಾರಗಳಲ್ಲಿ ತೀರಿಕೊಂಡರು. ಸುದ್ದಿ ತಿಳಿದು ದಾನೇಶ್ವರಿ ಕಾಚಿಗೂಡದ ಅವರ ಮನೆಗೆ ಹೋದಾಗ, ಅಡುಗೆಮನೆಯ ಗೋಡೆಗೆ ಆಕೆ ಬರೆದ ಚೀಟಿಯೇ ಅಂಟಿಕೊಂಡಿತ್ತು.

"ನೀವು ಬರದದ್ದು ಒಂದೂ ಮೀರಲಿಲ್ರಿ ಅವರು," ಎಂದರು ಪತ್ನಿ ಯಮುನಾಬಾಯಿ. "ಸಪ್ಪನ ಪಲ್ಯ, ಒಣ ರೊಟ್ಟಿ ನುಂಗಾಕ ಆಗ್ತಿರಲಿಲ್ಲ, ಎರಡು ತುತ್ತಿಗೆ ಎದ್ದುಬಿಡ್ತಿದ್ರು. ಮೇಡಂಗ ಹೇಳ್ರಿ ಅಂದ್ರ, ಬ್ಯಾಡ, ಬೈತಾರ ಅಂತಿದ್ರು."

ಆ ದನಿಯಲ್ಲಿ ದೂರಿನ ಲವಲೇಶವೂ ಇರಲಿಲ್ಲ. ಅದನ್ನೇ ದಾನೇಶ್ವರಿಗೆ ಸಹಿಸಲಾಗಲಿಲ್ಲ. ಏನನ್ನು ತಿನ್ನಬಾರದೆಂದು ಅಷ್ಟು ಸಲ ಹೇಳಿದವಳು, ಎಷ್ಟು ತಿಂದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಈಗ ಕೇಳುತ್ತಾಳೆ. "ಹಲ್ಲು ನೆಟ್ಟಗ ಅದಾವೇನ್ರಿ? ಯಾರ ಜೋಡಿ ಕೂತು ಉಣ್ತೀರಿ? ಏನು ಸೇರ್ತೈತ್ರಿ ನಿಮಗ?" ಎಂದು ಕೇಳಿ, ಉತ್ತರ ಬರುವವರೆಗೂ ಪೆನ್ನು ಮುಟ್ಟದೆ ಕೂರುತ್ತಾಳೆ. ತಪ್ಪಾಯಿತೆಂದು ಹೇಳಲು ಎರಡು ಸಲ ಕಾಚಿಗೂಡದ ಆ ಬಾಗಿಲವರೆಗೆ ಹೋಗಿ ಹಿಂತಿರುಗಿದ್ದಳು. ಮೂರನೆಯ ಸಲ ಧೈರ್ಯ ಮಾಡಿ ಬಾಗಿಲು ತಟ್ಟಿದಾಗ ಹೊಸ ಬಾಡಿಗೆಯವರು ಹೊರಬಂದರು. ಯಮುನಾಬಾಯಿ ಎಲ್ಲಿಗೆ ಹೋದರೆಂಬುದು ಅವರಿಗೆ ಗೊತ್ತಿರಲಿಲ್ಲ.

ಪರರ ಹಿತವನ್ನು ತಾವೇ ಬಲ್ಲೆವೆಂದು ನಿಷ್ಠೆಯಿಂದ ದುಡಿಯುವ ಇಂಥವರ ತಪ್ಪನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಅವರ ಮಾತನ್ನು ಪಾಲಿಸಿ ಸೊರಗಿದವರು ಸದ್ದಿಲ್ಲದೆ ಹೋಗಿಬಿಡುತ್ತಾರೆ, ಉಳಿದವರು ಕೃತಜ್ಞತೆಯಿಂದ ಕೈಮುಗಿಯುತ್ತಾರೆ. ದೂರುವವರೇ ಇಲ್ಲದಲ್ಲಿ ಕ್ಷಮಿಸುವವರೂ ಸಿಗುವುದಿಲ್ಲ.