ಹದಿನೇಳನೆಯ ಪ್ರಶ್ನೆ

ವರದಿಯಲ್ಲಿ ಹದಿನಾರನೆಯ ಪ್ರಶ್ನೆಯ ಕೆಳಗೆ ಹದಿನೇಳು ಎಂದೇ ಅಚ್ಚಾಗಿತ್ತು. ಆದರೆ ಅದು ಕಾಲೊನಿಯವರು ಬರೆದ ಹದಿನೇಳಾಗಿರಲಿಲ್ಲ. ಎರಡು ಹಾಳೆ ಅಂಟಿಕೊಂಡಿರಬಹುದೆಂದು ಪ್ರಶ್ನೆಯಕ್ಕ ಬೆರಳಿಗೆ ಉಗುಳು ಹಚ್ಚಿ ಉಜ್ಜಿ ನೋಡಿದಳು. ಅಂಟಿಕೊಂಡಿರಲಿಲ್ಲ.

“ಮೇಡಂ, ನಮ್ಮ ಹದಿನೇಳು ಎಲ್ಲಿ?”

ವಿಶ್ವವಿದ್ಯಾಲಯದ ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. “ಆರೋಗ್ಯ ಇಲಾಖೆಯವರು ಬೇಡ ಅಂದ್ರು. ವರದಿ ಇರೋದು ಕುಡಿತದ ಬಗ್ಗೆ, ಆ ಪ್ರಶ್ನೆ ಆಸ್ಪತ್ರೆ ಬಗ್ಗೆ. ವಿಷಯ ಎಲ್ಲಿಗೋ ಹೋಗುತ್ತೆ ಅಂತ.”

“ಎಲ್ಲಿಗೂ ಹೋಗಲ್ಲ ಮೇಡಂ. ಅಲ್ಲಿಗೇ ಹೋಗುತ್ತೆ.”

ಸಮುದಾಯ ಭವನದ ಉದ್ದ ಮೇಜಿನ ಸುತ್ತ ಕೂತಿದ್ದ ಕಾಲೊನಿ ಸಮಿತಿಯ ಉಳಿದ ಆರು ಮಂದಿ ತಮ್ಮ ತಮ್ಮ ಪ್ರತಿಯೊಳಗೆ ತಲೆ ಹುದುಗಿಸಿದರು.

ಅವಳಿಗೆ ಪ್ರಶ್ನೆಯಕ್ಕ ಎಂಬ ಹೆಸರು ಬಂದದ್ದು ಹೋದ ವರ್ಷ. ಕಾಲೊನಿಯವರು ಆ ನಾಡಿನ ಮೂಲನಿವಾಸಿಗಳು; ಹೊಳೆದಂಡೆಯಿಂದ ಎಬ್ಬಿಸಿ ತಂದು ಊರಂಚಿನ ಸಿಮೆಂಟ್ ಮನೆಗಳಲ್ಲಿ ಕೂರಿಸಿ ಎರಡು ತಲೆಮಾರಾಗಿತ್ತು. ಅಂದಿನಿಂದ ಯಾರ್ಯಾರೋ ಬರುತ್ತಿದ್ದರು, ಓಣಿಯ ಖಾಲಿ ಬಾಟಲಿ ಎಣಿಸುತ್ತಿದ್ದರು, ‘ಈ ಜನ ಕುಡುಕರು’ ಎಂದು ಬರೆದುಕೊಂಡು ಹೋಗುತ್ತಿದ್ದರು. ಈ ಸಲ ಕಾಲೊನಿಯವರು ಪಟ್ಟು ಹಿಡಿದರು: ಪ್ರಶ್ನೆ ನಮ್ಮದು, ಕೇಳುವವರು ನಮ್ಮವರು, ಉತ್ತರವೂ ನಮ್ಮದೇ. ವಿಶ್ವವಿದ್ಯಾಲಯದ ಜೊತೆ ಹಾಗೆಯೇ ಒಪ್ಪಂದವೂ ಆಯಿತು. ಮೂರು ಭಾನುವಾರ ಕೂತು, ಜಗಳವಾಡಿ, ಇಪ್ಪತ್ತನಾಲ್ಕು ಪ್ರಶ್ನೆ ಮಾಡಿದರು. ಕೇಳುವ ಕೆಲಸ ಆರೋಗ್ಯ ಕಾರ್ಯಕರ್ತೆಯಾದ ಇವಳ ಪಾಲಿಗೆ ಬಂತು. ಹನ್ನೊಂದು ತಿಂಗಳು ಇನ್ನೂರ ಹನ್ನೆರಡು ಮನೆ ತುಳಿದಳು. “ಪ್ರಶ್ನೆಯಕ್ಕ ಬಂದ್ಲು, ಉತ್ತರ ಬಚ್ಚಿಡ್ರೋ!” ಎಂದು ಜಗಲಿಯಲ್ಲಿ ಕೂತವರು ನಗುತ್ತಿದ್ದರು. ಹದಿನೇಳಕ್ಕೆ ಬಂದಾಗ ಮಾತ್ರ ನಗು ನಿಲ್ಲುತ್ತಿತ್ತು. ‘ಕುಡಿದಿದ್ದೀರಿ ಎಂದು ನಿಮ್ಮನ್ನಾಗಲಿ ನಿಮ್ಮ ಮನೆಯವರನ್ನಾಗಲಿ ಆಸ್ಪತ್ರೆಯಿಂದ ತಿರುಗಿ ಕಳಿಸಿದ್ದುಂಟೆ?’

ನೂರ ಮೂವತ್ತೊಂಬತ್ತು ಮನೆಯವರು ಉಂಟು ಎಂದಿದ್ದರು. ಅದರಲ್ಲಿ ಒಂದು ಅವಳ ಅತ್ತಿಗೆಯ ಮನೆ.

ಅಣ್ಣ ಗಾರೆ ಕೆಲಸದವನು, ಹನಿ ಮುಟ್ಟಿದವನಲ್ಲ. ಸಕ್ಕರೆ ಕಾಯಿಲೆಯಿತ್ತು. ಒಂದು ಬೆಳಿಗ್ಗೆ ಇನ್ಸುಲಿನ್ ಸೂಜಿ ಹಾಕಿಸಿಕೊಂಡು ತಿನ್ನುವುದನ್ನು ಮರೆತು ಕೆಲಸಕ್ಕೆ ಹೋದ. ಸಕ್ಕರೆ ಇಳಿದು ಮಾತು ತೊದಲಿತು, ಕಾಲು ತಡವರಿಸಿತು. ಅತ್ತಿಗೆ ಕರೆದೊಯ್ದಾಗ ಆಸ್ಪತ್ರೆಯವರು ಮುಖ ನೋಡಿ, ಕಾಲೊನಿಯ ಹೆಸರು ಕೇಳಿ, “ಅಮಲು ಇಳಿದ ಮೇಲೆ ಒಳಗೆ ಕರ್ಕೊಂಡು ಬನ್ನಿ” ಎಂದರು. ಮಧ್ಯಾಹ್ನ ಇಳಿದದ್ದು ಉಸಿರು. ನಾಲ್ಕು ವರ್ಷ ಅತ್ತಿಗೆ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. “ಅಚ್ಚಾಗುತ್ತೆ ಅತ್ತಿಗೆ, ಮಾತು ಕೊಡ್ತೀನಿ” ಎಂದಮೇಲೆ ಹೇಳಿದ್ದಳು.

“ಮುಂದಿನ ವರದಿಗೆ ಸೇರಿಸೋಣ,” ಎಂದರು ಮೇಡಂ. ಕೆಟ್ಟ ಹೆಂಗಸಲ್ಲ, ಕಾಲೊನಿಯ ಕೆಸರಿನಲ್ಲಿ ಇವಳ ಜೊತೆ ನಡೆದವರೇ.

“ಮುಂದಿನದು ಯಾವಾಗ ಮೇಡಂ?”

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಆಗ ದೊಡ್ಡಪ್ಪ ಕೆಮ್ಮಿದ. ಸಮಿತಿಯ ಹಿರಿಯ, ಕಾಲೊನಿಗೆಲ್ಲ ದೊಡ್ಡಪ್ಪನೇ. “ನೋಡಮ್ಮ, ಇವತ್ತು ಸಹಿ ಆದ್ರೆ ಎಂಟು ಹಾಸಿಗೆ ಬರುತ್ತೆ. ಕುಡಿತ ಬಿಡಿಸೋ ಕೇಂದ್ರ, ಇಲ್ಲೇ, ನಮ್ಮ ಓಣೀಲೇ. ಇಲ್ಲಾಂದ್ರೆ ಇನ್ನೊಂದು ಊರಿಗೆ ಹೋಗುತ್ತೆ.”

“ಮೂಗು ಕೊಯ್ದು ಮೂಗುತಿ ಕೊಟ್ಟ ಹಾಗಾಯ್ತಲ್ಲ ದೊಡ್ಡಪ್ಪ! ಆ ಹಾಸಿಗೆ ಹತ್ರ ಬರೋ ಡಾಕ್ಟರೂ ಅದೇ ಆಸ್ಪತ್ರೆಯಿಂದ ತಾನೆ ಬರೋದು? ಅದೇ ಕಣ್ಣಲ್ಲಿ ತಾನೆ ನೋಡೋದು?”

“ಇರಬಹುದು.” ಅವನ ದನಿ ಏರಲಿಲ್ಲ. “ನನ್ನ ಮಗಳಿಗೆ ಬೆಳಿಗ್ಗೆ ಲೋಟ ಹಿಡಿಯೋಕೆ ಎರಡೂ ಕೈ ಬೇಕು ಕಣಮ್ಮ. ಬಿಡ್ತೀನಿ ಅಪ್ಪ ಅಂತಾಳೆ. ಎಲ್ಲಿ ಬಿಡಿಸ್ಲಿ? ನನಗೆ ಹಾಸಿಗೆ ಬೇಕು. ಪ್ರಶ್ನೆ ಅಲ್ಲ.”

ಅವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಹರಿಹಾಯಬೇಕೋ ಅವರು ಈ ಕೋಣೆಯಲ್ಲೇ ಇರಲಿಲ್ಲ. ಇದ್ದವರೆಲ್ಲ ತನ್ನವರು, ಇಲ್ಲವೆ ತನ್ನವರಂಥವರು.

ವರದಿಗೆ ಒಪ್ಪಿಗೆಯ ಕಾಗದ ಕೈಯಿಂದ ಕೈಗೆ ದಾಟಿತು. ಆರು ಸಹಿ ಬಿದ್ದವು. ಅವಳ ಮುಂದೆ ಬಂದು ಒಂದು ಗಳಿಗೆ ನಿಂತು, ಹಾಗೆಯೇ ಮೇಡಂ ಕಡೆ ಹೋಯಿತು. ಏಳರಲ್ಲಿ ಆರು ಸಾಕಿತ್ತು. ತಂದಿಟ್ಟ ಚಹಾವನ್ನು ಯಾರೂ ಮುಟ್ಟಲಿಲ್ಲ.

ಮೇಡಂ ಗೋಡೆಗೊರಗಿದ್ದ ರಟ್ಟಿನ ಪೆಟ್ಟಿಗೆಯ ಕಡೆ ಕೈ ತೋರಿಸಿದರು. “ಉತ್ತರದ ಹಾಳೆಗಳನ್ನ ನಾನು ತಗೊಂಡು ಹೋಗ್ಲಾ? ಆಫೀಸಲ್ಲಿ ಭದ್ರವಾಗಿರುತ್ತೆ.”

“ಒಪ್ಪಂದ ಓದ್ಕೊಳ್ಳಿ ಮೇಡಂ. ಉತ್ತರ ನಮ್ಮದು.”

ಪೆಟ್ಟಿಗೆ ಅವಳೆಣಿಸಿದ್ದಕ್ಕಿಂತ ಭಾರವಿತ್ತು. ಸೊಂಟಕ್ಕೆ ಆನಿಸಿಕೊಂಡು ಹೊರಟಾಗ ದೊಡ್ಡಪ್ಪ ಎದ್ದು ಬಂದು ಬಾಗಿಲು ತೆರೆದು ಹಿಡಿದ. ಅವಳು ಅವನ ಮುಖ ನೋಡಲಿಲ್ಲ. ಅವನೂ ಅದನ್ನು ಬಯಸಿದಂತಿರಲಿಲ್ಲ.

ಅತ್ತಿಗೆ ತನ್ನ ಮನೆಯಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು, “ಅಚ್ಚಾಯ್ತಾ?”

“ಆಯ್ತು.”

“ನಿಮ್ಮಣ್ಣಂದು ಎಷ್ಟನೇ ಪುಟ?”

ಪ್ರಶ್ನೆಯಕ್ಕ ಪೆಟ್ಟಿಗೆಯನ್ನು ನೆಲಕ್ಕಿಳಿಸಿದಳು. “ಇಲ್ಲ ಅತ್ತಿಗೆ. ತೆಗೆದುಹಾಕಿದ್ದಾರೆ.”

ಯಂತ್ರ ತೋಳಿನ ಹೊಲಿಗೆ ಮುಗಿಸುವವರೆಗೂ ಓಡಿತು. ಅತ್ತಿಗೆ ನೂಲು ಕತ್ತರಿಸಿ, ಬಟ್ಟೆ ಮಡಚಿಟ್ಟಳು. “ನಿನ್ನ ನಂಬಿ ಹೇಳ್ದೆ ಕಣೇ. ಮಕ್ಕಳಿಗೂ ಹೇಳಿರ್ಲಿಲ್ಲ.”

“ನನಗೆ ಗೊತ್ತು.”

“ಏನ್ ಗೊತ್ತು ನಿನಗೆ!” ಎಂದು ಸಿಡುಕಿದಳು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ನಿಂತು, ಮತ್ತೆ ಶುರುವಾಯಿತು. ಅತ್ತಿಗೆಯ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು. “ಅವರು ಬರೀದಿದ್ರೆ ಹಾಳಾಗಿ ಹೋಗ್ಲಿ. ನೀನು ಬರೆದಿದ್ದಾದ್ರೂ ಓದು.”

ಪ್ರಶ್ನೆಯಕ್ಕ ಪೆಟ್ಟಿಗೆಯಿಂದ ಅತ್ತಿಗೆಯ ಹಾಳೆ ಹುಡುಕಿ ತೆಗೆದಳು. ನೆಲದಲ್ಲೇ ಕೂತು ಓದಿದಳು. “‘ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋದೆ. ಕುಡಿದಿಲ್ಲ ಎಂದು ಮೂರು ಸಲ ಹೇಳಿದೆ. ಹೊರಗೆ ಕಾಯಿರಿ ಎಂದರು. ಎರಡು ಗಂಟೆ ಹೊತ್ತು ನನ್ನ ಗಂಡ ಬೆಂಚಿನ ಮೇಲೆ...’”

“ಬೆಂಚಿನ ಮೇಲಲ್ಲ.”

ಅವಳು ತಲೆಯೆತ್ತಿದಳು.

“ಅವತ್ತು ಹೇಳೋಕೆ ನಾಚಿಕೆ ಆಯ್ತು. ನೆಲದ ಮೇಲಿದ್ರು. ಬಾಗಿಲ ಹತ್ರ, ಚಪ್ಪಲಿ ಬಿಡೋ ಕಡೆ. ಬೆಂಚಲ್ಲಿ ಜಾಗ ಇತ್ತು. ನನ್ನೊಬ್ಬಳ ಕೈಲಿ ಎತ್ತೋಕಾಗ್ಲಿಲ್ಲ. ಯಾರೂ ಕೈ ಹಾಕ್ಲಿಲ್ಲ.” ಅತ್ತಿಗೆ ಮೂಗೊರೆಸಿಕೊಂಡಳು. “ತಿದ್ದು.”

ಪ್ರಶ್ನೆಯಕ್ಕ ಹಾಳೆಯನ್ನು ಮೊಣಕಾಲಿನ ಮೇಲಿಟ್ಟು, ‘ಬೆಂಚಿನ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ‘ನೆಲದ’ ಎಂದು ಬರೆದಳು. ಅತ್ತಿಗೆ ಯಂತ್ರದ ಹಿಂದಿನಿಂದ ಎದ್ದು ಬಂದು ಅವಳ ಭುಜದ ಮೇಲೆ ಬಗ್ಗಿ, ಶಾಯಿ ಆರುವವರೆಗೂ ಆ ಪದವನ್ನೇ ನೋಡುತ್ತ ನಿಂತಳು.