ಕುಂಕುಮದ ಹೊಲ, ಖಾಲಾನ ಕುದುರೆ

ಮನುಷ್ಯರು ನೂಕಿದ್ದು ಸಾಲಲಿಲ್ಲವೇನೋ, ಅವತ್ತು ದೇವಕಮ್ಮನನ್ನು ಕುದುರೆಯೂ ನೂಕಿತು.

ಕಾಲುವೆ ದಂಡೆಯ ಹಸಿ ಹುಲ್ಲು ಕೊಯ್ದು, ತಲೆಹೊರೆ ಮಾಡಿ, ಚಿಕ್ಕಮ್ಮ ಎಂಬ ಸಲಿಗೆಯಲ್ಲಿ ತಾನು ಖಾಲಾ ಅನ್ನುತ್ತಿದ್ದ ಗೋಗಿಯ ಖುರ್ಷೀದಬೇಗಂ ಮನೆಗೆ ಹಾಕುವುದು ಅವಳ ದಿನದ ಕೆಲಸ. ಆ ಬುಧವಾರವೂ ಹೊರೆ ಹೊತ್ತು ಅಂಗಳಕ್ಕೆ ಕಾಲಿಟ್ಟಿದ್ದಳಷ್ಟೆ, ಲಾಡ್ಲಿ ಎಂಬ ಬಿಳಿ ಹೆಣ್ಣುಕುದುರೆ ನೆಟ್ಟಗೆ ಅವಳ ಮೇಲೇ ನಡೆದು ಬಂತು. ಅವಳು ಒಂದು ಹೆಜ್ಜೆ ಹಿಂದಿಟ್ಟಳು, ಕುದುರೆ ಎರಡು ಹೆಜ್ಜೆ ಮುಂದಿಟ್ಟಿತು. ಅವಳು ಗೋಡೆಗೆ ಬೆನ್ನು ಹಚ್ಚಿದಳು, ಕುದುರೆ ಎದೆಯಿಂದ ಒತ್ತಿ ನಿಂತು ತಲೆಯ ಮೇಲಿನ ಹೊರೆಗೇ ಬಾಯಿ ಹಾಕಿತು.

“ಸರಕೊಳ್ರಿ... ಸ್ವಲ್ಪ ಸರಕೊಳ್ರಿ,” ಅಂದಳು ದೇವಕಮ್ಮ.

ಹೊರಸಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ ಖುರ್ಷೀದಬೇಗಂ ನಕ್ಕು ನಕ್ಕು ಕೆಮ್ಮಿದಳು. “ಅರೆ, ಕುದ್ರಿಗಿ ಸರಕೊಳ್ರಿ ಅಂತೀಯಲ್ಲ ಬೇಟಿ, ಅಕಿ ಏನು ನಿಮ್ಮತ್ತಿಯೇನು?”

ದೇವಕಮ್ಮನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಹೊರೆಯನ್ನು ನೆಲಕ್ಕೆ ಒಗೆದಳು. “ನಗ್ರಿ ಖಾಲಾ, ನೀವೂ ನಗ್ರಿ. ಮೊನ್ನಿ ನಮ್ಮಣ್ಣ ನೂಕಿದ, ಇವತ್ತು ನಿಮ್ಮ ಕುದ್ರಿ ನೂಕ್ತು. ನನ್ನ ಹಣಿ ಮ್ಯಾಲ ‘ನೂಕ್ರಿ’ ಅಂತ ಯಾರರ ಬರದಾರೇನು?”

ಹಣೆಯ ಮೇಲೆ ಏನೂ ಇರಲಿಲ್ಲ. ಜಗಳ ಶುರುವಾದದ್ದೇ ಅಲ್ಲಿಂದ.

ಮದುವೆಯಲ್ಲಿ ಅವಳಪ್ಪ ವನದುರ್ಗದ ಎರಡೆಕರೆ ಹೊಲವನ್ನು ‘ಮಗಳ ಅರಿಶಿಣ-ಕುಂಕುಮಕ್ಕಿರಲಿ’ ಎಂದು ಅವಳ ಹೆಸರಿಗೆ ಮಾಡಿಸಿದ್ದ. ಮನೆಯ ಹೆಣ್ಣುಮಗಳಿಗೆ ಹಾಗೊಂದು ತುಂಡು ಹೊಲ ಬಿಡುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಆಗ ಅದು ಹೊಲವಾದರೂ ಎಂಥದು, ಕಲ್ಲಿನ ಸಂತೆ. ಮಳೆಯಾದರೆ ನಾಲ್ಕು ಚೀಲ ಸಜ್ಜೆ, ಆಗದಿದ್ದರೆ ಅದೂ ಇಲ್ಲ. ಅಣ್ಣ ಅಮರಪ್ಪನೇ ಉಳುತ್ತಿದ್ದ. ವರ್ಷಕ್ಕೊಮ್ಮೆ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆದು ಒಂದು ಸೀರೆ, ಒಂದು ಚೀಲ ಸಜ್ಜೆ ಕೊಟ್ಟು ಕಳಿಸುತ್ತಿದ್ದ. ಅವಳು ಅಷ್ಟಕ್ಕೇ ಹಿಗ್ಗಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷದಲ್ಲಿ ಒಬ್ಬರೂ ಹೊಲದ ಸುದ್ದಿ ಎತ್ತಿರಲಿಲ್ಲ. ಯಾವಾಗ ಕೃಷ್ಣೆಯ ನೀರು ಕಾಲುವೆಗೆ ಬಂದು, ಆ ಎರಡೆಕರೆಯ ಬದುವಿನಲ್ಲೇ ತೂಬು ಕೂತಿತೋ, ಆಗ ಅಣ್ಣನಿಗೆ ಶಾಸ್ತ್ರ ನೆನಪಾಯಿತು.

ಮೊನ್ನೆ ಸೋಮವಾರ ಇಳಕಲ್ ಸೀರೆ ಹಿಡಿದುಕೊಂಡು ಬಂದ. ಚಹಾ ಕುಡಿದು ಬಸಿ ಕೆಳಗಿಟ್ಟು, “ತಂಗೀ, ಅಪ್ಪ ಹೊಲ ಕೊಟ್ಟಿದ್ದು ಕುಂಕುಮಕ್ಕ. ಈಗ ಕುಂಕುಮಾನೇ ಇಲ್ಲ, ಕುಂಕುಮದ ಹೊಲ ಯಾಕ? ಬರೋ ವಾರ ಗುರುವಾರ ಶಹಾಪುರಕ್ಕ ಬಾ. ಅಣ್ಣಗ ಬಿಟ್ಟುಕೊಟ್ಟೀನಿ ಅಂತ ಒಂದು ಹೆಬ್ಬಟ್ಟು ಒತ್ತು, ಮುಗೀತು,” ಅಂದ.

ಕೇಳಿದಿರಾ ಮಾತು! ಗಂಡ ಸತ್ತ ದಿನ ಬಳೆ ಒಡೆದವರು ಇವರೇ, ಕುಂಕುಮ ಒರೆಸಿದವರೂ ಇವರೇ. ಈಗ ಅದೇ ಬರಿ ಹಣೆಯನ್ನು ತೋರಿಸಿ ಹೊಲ ಕೇಳುವವರೂ ಇವರೇ. ಗೋಗಿಯ ಮನೆ ಮೈದುನನದು, ಮಲಗುವ ಪಡಸಾಲೆ ಅವನ ಹೆಂಡತಿಯ ದಯೆಯದು. ಈ ಭೂಮಿಯ ಮೇಲೆ ‘ನನ್ನದು’ ಅನ್ನಲು ದೇವಕಮ್ಮನಿಗೆ ಇದ್ದದ್ದು ಆ ಎರಡೆಕರೆ ಮಾತ್ರ.

ಅಣ್ಣನ ಮಾತಿಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಇನ್ನೊಂದು. ಅವನು ಹಾಗೆ ಅಂದಾಗ ಅವಳು ಸೆರಗು ಸರಿಮಾಡಿಕೊಂಡು, ಹಿಂದಕ್ಕೆ ಸರಿದು, “ಆಯ್ತಣ್ಣ” ಅಂದಿದ್ದಳು. ಆಯ್ತಣ್ಣ! ಒಳಗೆ ಎದೆ ಕುದಿಯುತ್ತಿದ್ದರೂ ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತ್ತು. ಅದರ ಮೇಲೆ ಇನ್ನೊಂದು ಕಪ್ ಚಹಾ ಬೇರೆ ಕೊಟ್ಟಿದ್ದಳು.

ಎಲ್ಲ ಕೇಳಿದ ಖುರ್ಷೀದಬೇಗಂ ಎಲೆ ಉಗುಳಿ ಬಂದು ಕೂತಳು. “ನಿಮ್ಮಣ್ಣಂದು ಆಮ್ಯಾಲ. ಲಾಡ್ಲಿ ನನ್ನ ಯಾಕ ನೂಕಂಗಿಲ್ಲ, ಹೇಳು?”

“ನೀವು ಅಕಿ ಒಡತಿ ಅಲ್ಲೇನ್ರಿ.”

“ಒಡತಿ ಗಿಡತಿ ಅಕಿಗೇನು ಗೊತ್ತು? ಅಕಿ ಬಾಯಿ ನೋಡಂಗಿಲ್ಲ, ಕಾಲು ನೋಡ್ತಾಳ. ಅಕಿ ಇನ್ನೂ ಕೊಟ್ಟಿಗಿ ಬಾಗಿಲದಾಗ ಇದ್ದಾಗೇ ನಿನ್ನ ಕಾಲು ಹಿಂದ ಹೋಗಿದ್ವು. ಗುರುವಾರಕ್ಕ ಎಷ್ಟು ದಿನ ಅದ?”

“ಎಂಟು.”

“ಸಾಕು. ಹಗ್ಗ ಹಿಡಿ.”

ಖುರ್ಷೀದಬೇಗಂ ಕುದುರೆ ಹತ್ತಿದವಳಲ್ಲ, ಜನ್ಮದಲ್ಲಿ ಒಮ್ಮೆಯೂ ಹತ್ತಿರಲಿಲ್ಲ. ಅವಳ ಗಂಡ ಗೋಗಿಯಿಂದ ಶಹಾಪುರಕ್ಕೆ ಟಾಂಗಾ ಹೊಡೆಯುತ್ತಿದ್ದ. ಸೀಟಿಗಿಷ್ಟು ಅಂತ ಮಂದಿ ತುಂಬುವ ಆಟೋಗಳು ಬಂದಮೇಲೆ ಟಾಂಗಾದಲ್ಲಿ ಕೋಳಿ ಕಾವು ಕೂತವು. ಗಂಡ ಹೋದಮೇಲೆ ಅವಳು ಲಾಡ್ಲಿಯನ್ನು ಮದುವೆ ಮೆರವಣಿಗೆಗೆ ತಯಾರು ಮಾಡಿದಳು. ಬ್ಯಾಂಡು ಬಾರಿಸಲಿ, ಪಟಾಕಿ ಸಿಡಿಯಲಿ, ಕುದುರೆ ನಿಂತಲ್ಲಿ ನಿಲ್ಲಬೇಕು. ಅಷ್ಟನ್ನೂ ನೆಲದ ಮೇಲೆ ನಿಂತೇ, ಒಂದು ಹಗ್ಗ ಹಿಡಿದು, ಜೊತೆಗೆ ನಡೆದು ಕಲಿಸಿದ್ದಳು.

ಮೊದಲ ದಿನ ಕೋಲಿನಿಂದ ದೇವಕಮ್ಮನ ಕಾಲ ಸುತ್ತ ಒಂದು ಗೆರೆ ಎಳೆದಳು. “ಇದು ನಿನ್ನ ಜಾಗ. ಹೊಡಿಬ್ಯಾಡ, ಬೈಬ್ಯಾಡ, ಓಡಬ್ಯಾಡ. ಸುಮ್ಮನ ನಿಂದರು.”

ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ದೇವಕಮ್ಮನಿಗೆ ಆಗ ತಿಳಿಯಿತು. ಕುದುರೆ ಬಂದಾಗಲೆಲ್ಲ ಅವಳು ಗೆರೆಯ ಹೊರಗಿದ್ದಳು. ಕಾಲುಗಳದು ಮೂವತ್ತೆಂಟು ವರ್ಷದ ರೂಢಿ. ಓಣಿಯಲ್ಲಿ ಹಿರಿಯರು ಎದುರು ಬಂದರೆ ಚಪ್ಪಲಿ ಕೈಗೆ ತೆಗೆದುಕೊಂಡು ಗೋಡೆಗೆ ಸರಿ, ಮಾವ ಬಂದರೆ ಒಳಗೆ ಸರಿ, ನಳದ ಹತ್ತಿರ ಜಗಳವಾದರೆ ಕೊಡ ಎತ್ತಿಕೊಂಡು ಸರಿ. ರೊಟ್ಟಿ ಬಡಿಯುವುದನ್ನು ಕಲಿಸಿದರು, ಕೌದಿ ಹೊಲಿಯುವುದನ್ನು ಕಲಿಸಿದರು, ಸತ್ತವರ ಮುಂದೆ ಹಾಡಿ ಅಳುವುದನ್ನೂ ಕಲಿಸಿದರು. ನಿಲ್ಲುವುದನ್ನು ಮಾತ್ರ ಒಬ್ಬರೂ ಕಲಿಸಲಿಲ್ಲ. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅನ್ನುವ ಗಾದೆಯನ್ನು ಹೇಳಿಕೊಟ್ಟವರೇ ಬಗ್ಗುವುದನ್ನೂ ಹೇಳಿಕೊಟ್ಟಿದ್ದರು.

ಮೂರನೆಯ ದಿನ ಅವಳ ತಾಳ್ಮೆ ಹರಿಯಿತು. ಲಾಡ್ಲಿ ಭುಜದಿಂದ ಒತ್ತಿದ ಕೂಡಲೇ, “ನಿಮ್ಮವ್ವನ!” ಎಂದು ಹಗ್ಗವನ್ನು ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಕುದುರೆ ಮುಂಗಾಲು ಎತ್ತಿ ನಿಂತಿತು. ಹಗ್ಗ ಅಂಗೈಯಿಂದ ಸರ್ರನೆ ಜಾರಿ ಚರ್ಮ ಕಿತ್ತುಕೊಂಡು ಹೋಯಿತು. ಸುಟ್ಟ ಅಂಗೈಗೆ ಖುರ್ಷೀದಬೇಗಂ ಅರಿಶಿಣ ಮೆತ್ತಿದಳು.

“ಸಿಟ್ಟು ಬರಲೇಬಾರ್ದೇನ್ರಿ ಖಾಲಾ?” ದೇವಕಮ್ಮ ಕೈ ಕಿತ್ತುಕೊಂಡಳು. “ಎಲ್ಲಾರೂ ನನ್ನ ತುಳಿದು ಹೋಗಬೇಕು, ನಾ ಮಾತ್ರ ಸಿಟ್ಟಿಗೇಳಬಾರ್ದು, ಅಲ್ಲ?”

“ಯಾಕ ಬರಬಾರ್ದು? ಬರಬೇಕು! ಆದ್ರ ಕೈಯಾಗ ತಂದ್ರ ನಿನ್ನ ಕೈಯೇ ಸುಡ್ತದ, ನೋಡಿದಿಲ್ಲ? ಕಾಲಿನ ಹಿಮ್ಮಡದಾಗ ಇಟ್ಟುಕೋ. ಅಲ್ಲಿದ್ರ ನಿನ್ನ ನಿಂದ್ರಸ್ತದ.”

ಆರನೆಯ ದಿನ ಅದು ಆಯಿತು. ಲಾಡ್ಲಿ ಬಂತು. ದೇವಕಮ್ಮ ಹಿಮ್ಮಡಗಳನ್ನು ನೆಲಕ್ಕೆ ಒತ್ತಿ, ಖಾಲಾ ಹೇಳಿದಂತೆ ಕುದುರೆಯ ಎದೆಯನ್ನೇ ನೋಡುತ್ತ ನಿಂತಳು. ಕುದುರೆಯೂ ನಿಂತಿತು. ಆಮೇಲೆ ಅವಳು ಅರ್ಧ ಹೆಜ್ಜೆ ಮುಂದಿಟ್ಟು ಕಾದಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಲಾಡ್ಲಿ ಕಿವಿ ಆಡಿಸಿತು, ತುಟಿ ನೆಕ್ಕಿತು, ಒಂದು ಹೆಜ್ಜೆ ಹಿಂದೆ ಸರಿಯಿತು.

“ಹಗ್ಗ ಸಡ್ಲ ಬಿಡು!” ಖುರ್ಷೀದಬೇಗಂ ಹೊರಸಿನಿಂದಲೇ ಕೂಗಿದಳು. “ಒಂದು ಹೆಜ್ಜಿ ಕೊಟ್ಟವರಿಗಿ ಅಲ್ಲೇ ಆರಾಮ ಕೊಡಬೇಕು. ಸರದ ಮ್ಯಾಲೂ ನೂಕಿದ್ರ ನಿನಗೂ ನಿಮ್ಮಣ್ಣಗೂ ಏನು ಫರಕ್?”

ದೇವಕಮ್ಮ ಹಗ್ಗ ಸಡಿಲಿಸಿದಳು. ಕುದುರೆ ತಲೆ ತಗ್ಗಿಸಿ ಅವಳ ಪಕ್ಕದಲ್ಲೇ ನಿಂತುಕೊಂಡಿತು. ಅವಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. ಇಷ್ಟೇ ಆಗಿದ್ದರೆ ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ?

ಗುರುವಾರ ಇಳಕಲ್ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದಳು. ಜೊತೆಗೆ ಬರ್ತೀರೇನು ಅಂದದ್ದಕ್ಕೆ ಖಾಲಾ, “ಹಗ್ಗ ಇಬ್ಬರು ಹಿಡಿದ್ರ ಕುದ್ರಿಗಿ ತಿಳಿಯಂಗಿಲ್ಲ, ಒಬ್ಬಕೀನೇ ಹೋಗು,” ಅಂದಿದ್ದಳು.

ಶಹಾಪುರದ ನೋಂದಣಿ ಕಚೇರಿಯ ಅಂಗಳದಲ್ಲಿ ಕಾಗದ ಬರೆಯುವವನು ಮೇಜು ಹಾಕಿಕೊಂಡು ಕೂತಿದ್ದ. ಕಾಗದ ತಯಾರಾಗಿತ್ತು, ಮಸಿಯ ಡಬ್ಬಿಯೂ ತೆರೆದಿತ್ತು. ಅಮರಪ್ಪ ಹೊಸ ಟವೆಲ್ಲು ಹೊದ್ದು ನಿಂತಿದ್ದ.

“ಬಂದೇನವ್ವ? ಬಾ, ಲಗೂನ ಒತ್ತು. ಹೊಲ ಗುತ್ತಿಗಿ ಹಿಡಿಯೋರು ಕಾಯಾಕತ್ತಾರ. ಭತ್ತ ಹಚ್ಚಬೇಕು.”

“ಒತ್ತಂಗಿಲ್ಲಣ್ಣ,” ಅಂದಳು ದೇವಕಮ್ಮ. ಸೀರೆಯನ್ನು ಮೇಜಿನ ಮೇಲಿಟ್ಟಳು.

“ಏನಂದಿ?”

“ಹೊಲ ಬಿಡಂಗಿಲ್ಲ.”

ಅಮರಪ್ಪ ಅವಳ ಮೇಲೆ ನಡೆದು ಬಂದ. ಅವನು ಬರುವ ರೀತಿ ದೇವಕಮ್ಮನಿಗೆ ಚೆನ್ನಾಗಿ ಪರಿಚಯವಿತ್ತು. ಎದೆ ಮುಂದೆ ಮಾಡಿ, ಸಂದೇಹವೇ ಇಲ್ಲದೆ, ಇವಳು ಸರಿದೇ ಸರಿಯುತ್ತಾಳೆಂದು ಬರುತ್ತಿದ್ದ. “ಅವತ್ತು ಆಯ್ತು ಅಂದಿದ್ದಿ! ಬರಿ ಹಣಿ ಹೊತ್ಕೊಂಡು ಇಷ್ಟು ಮಂದ್ಯಾಗ ಅಣ್ಣನ ಎದುರು ಮಾತಾಡ್ತಿ?”

ಬಲಗಾಲಿನ ಹಿಮ್ಮಡ ಮೇಲೆದ್ದಿತು. ಎದ್ದದ್ದು ಅವಳಿಗೆ ಗೊತ್ತಾಯಿತು. ಅದನ್ನು ಇದ್ದಲ್ಲೇ ಮತ್ತೆ ಊರಿದಳು.

“ಹಣಿ ಬರೀದು ಮಾಡಿದವರು ನೀವು,” ಅಂದಳು. ದನಿ ಏರಿಸಲಿಲ್ಲ. “ಒಂಬತ್ತು ವರ್ಷ ಆ ಹಣಿ ನಿನಗ ಕಾಣಲಿಲ್ಲ. ಕಾಲುವಿ ನೀರು ಬಂದ ಮ್ಯಾಲ ಕಾಣ್ತೇನು?”

ಕಾಗದ ಬರೆಯುವವನು ಪೆನ್ನಿನ ಟೋಪಿ ಹಾಕಿದ. ಸುತ್ತಲಿನ ನಾಲ್ಕು ಮಂದಿ ತಿರುಗಿ ನೋಡಿದರು. ಅಮರಪ್ಪನ ಮುಖ ಕೆಂಪಗಾಯಿತು. ಹೆಣ್ಣುಮಕ್ಕಳನ್ನು ಮಣಿಸಲು ಅಣ್ಣಂದಿರು ಕೊನೆಗೆ ತೆಗೆಯುವ ಮಾತನ್ನು ಅವನೂ ತೆಗೆದ. “ತವರಮನಿ ಬಾಗ್ಲ ಇವತ್ತಿಗಿ ಮುಚ್ಚಿತು ನಿನ್ನ ಪಾಲಿಗಿ. ತಿಳಕೋ.”

ಆ ಮಾತು ನಾಟಿತು. ಅವ್ವನ ಒಲೆ, ಪಂಚಮಿಯ ಜೋಕಾಲಿ, ಎಲ್ಲ ಆ ಬಾಗಿಲಿನ ಒಳಗೇ ಇದ್ದವು. ದೇವಕಮ್ಮ ಅಣ್ಣನ ಅಂಗಿಯ ಗುಂಡಿಗಳನ್ನೇ ನೋಡುತ್ತ ಅರ್ಧ ಹೆಜ್ಜೆ ಮುಂದಿಟ್ಟಳು. ಮತ್ತೆ ಕಾದಳು.

ಅಮರಪ್ಪ ಹಿಂದೆ ಸರಿದ. ಒಂದೇ ಹೆಜ್ಜೆ. ಕಾಲು ಮೇಜಿಗೆ ಬಡಿದು ಮಸಿಯ ಡಬ್ಬಿ ಉರುಳಿತು.

ಅವಳು ಅಲ್ಲಿಗೇ ನಿಲ್ಲಿಸಿದಳು. ತಾನಾಗಿಯೇ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

“ಮುಚ್ಚಣ್ಣ, ನಿನ್ನ ಬಾಗ್ಲ, ನಿನ್ನ ಖುಷಿ. ಪಂಚಮಿಗಿ ನಾ ವನದುರ್ಗಕ್ಕ ಬಂದೇ ಬರ್ತೀನಿ. ಬಾಗ್ಲ ತೆರದಿದ್ರ ಒಳಗ ಕುಂತು ನಿಮ್ಮ ಕೂಡ ಉಣ್ತೀನಿ. ಮುಚ್ಚಿದ್ರ ನನ್ನ ಹೊಲದಾಗ ಕುಂತು ಬುತ್ತಿ ಬಿಚ್ತೀನಿ. ಹೊಲಕ್ಕ ಬಾಗ್ಲ ಇಲ್ಲ.”

ಆಟೋ ನಿಲ್ಲುವ ಕಡೆ ಬರುವ ತನಕ ಅವಳ ಕಾಲುಗಳು ಸರಿಯಾಗಿಯೇ ನಡೆದವು. ಆಮೇಲೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು.

ಮರುದಿನ ಹುಲ್ಲಿನ ಹೊರೆ ಹೊತ್ತು ಬಂದಾಗ ಲಾಡ್ಲಿ ಎದುರು ಬಂದು, ಎರಡು ಮಾರು ದೂರದಲ್ಲೇ ನಿಂತುಕೊಂಡಿತು. ದೇವಕಮ್ಮ ಹೊರೆ ಇಳಿಸಿ, ಒಂದು ಹಿಡಿ ಹುಲ್ಲನ್ನು ತಾನೇ ಕೊಟ್ಟಳು.

“ನಿಮ್ಮಣ್ಣ ಎಷ್ಟು ಹೆಜ್ಜಿ ಸರದ?” ಖುರ್ಷೀದಬೇಗಂ ಕೇಳಿದಳು.

“ಒಂದೇ ರಿ.”

“ಸಾಕು.”

“ನಿಮಗ ಸಾಕು,” ಅಂದಳು ದೇವಕಮ್ಮ. “ನನ್ನ ಹೊಲದಾಗ ನಾ ನಿಂದ್ರಾಕ ಕುದ್ರಿ ಕಡಿಂದ ಕಲಿಬೇಕಾತಲ್ಲ ಖಾಲಾ, ಮನುಷ್ಯಾರು ಎಲ್ಲಿ ಹೋಗಿದ್ರು?”

ಖುರ್ಷೀದಬೇಗಂ ಹೊರಸಿನ ಮೇಲೆ ಸರಿದು ಕೂತು ಅವಳಿಗೆ ಜಾಗ ಮಾಡಿದಳು. ದೇವಕಮ್ಮನ ಸಿಟ್ಟು ಇಳಿದಿರಲಿಲ್ಲ. ಇಳಿಯಲಿ ಅಂತ ಅವಳಿಗೂ ಅನ್ನಿಸಲಿಲ್ಲ. ಪಂಚಮಿಗೆ ಇನ್ನೂ ಇಪ್ಪತ್ತು ದಿನವಿತ್ತು, ಬುತ್ತಿಗೆ ಸಜ್ಜೆ ಬೀಸುವುದಿತ್ತು.